ತಮಿಯಾದ ಟಿ-55ಎ ಕಿಟ್ ಮತ್ತು ವೆದರಿಂಗ್ ಮಾಸ್ಟರ್: ಕರಾವಳಿಯ ತುಕ್ಕಿಗೆ ಎಷ್ಟು ಸಾಕು?

ಜಪಾನಿನ ತಮಿಯಾ ಕಂಪನಿ ಸೋವಿಯತ್ ಟಿ-55ಎ ಟ್ಯಾಂಕಿನ ಮಾದರಿಯನ್ನು 1/35 ಪ್ರಮಾಣದಲ್ಲಿ (ನಿಜಗಾತ್ರದ ಮೂವತ್ತೈದನೇ ಒಂದು ಭಾಗ) ಪ್ಲಾಸ್ಟಿಕ್ ಬಿಡಿಭಾಗಗಳಿಂದ ಕಟ್ಟುವ ಕಿಟ್ಟನ್ನು 2002ರಲ್ಲಿ ಹೊರತಂದಿತು. ಆಮೇಲೆ ಟಾಕೊಮ್, ಉಕ್ರೇನಿನ ಮಿನಿಆರ್ಟ್ ಮೊದಲಾದ ಕಂಪನಿಗಳು ಇದೇ ಟ್ಯಾಂಕಿನ ಇನ್ನಷ್ಟು ಸೂಕ್ಷ್ಮವಾದ ಕಿಟ್ಟುಗಳನ್ನು ತಂದಿದ್ದರೂ ಈ ಹಳೆಯ ಪೆಟ್ಟಿಗೆಗೆ ಬೇಡಿಕೆ ತಗ್ಗಿಲ್ಲ. ಇದನ್ನೂ, ಅದೇ ಕಂಪನಿಯ ಮಾದರಿಯನ್ನು ಹಳತಾಗಿ ಕಾಣಿಸುವ (ವೆದರಿಂಗ್) ಕೆಲಸಕ್ಕಿರುವ ವೆದರಿಂಗ್ ಮಾಸ್ಟರ್ ಎಂಬ ಪುಡಿಬಣ್ಣದ ಎ, ಬಿ, ಸಿ ಸೆಟ್ಟುಗಳನ್ನೂ ಕಾರವಾರದ ಮಳೆಗಾಲದಲ್ಲಿ ಒಟ್ಟಿಗೆ ಬಳಸಿ ನೋಡಿ ಬರೆದ ವಿಮರ್ಶೆ ಇದು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟುವುದಕ್ಕಿಂತ ಬಣ್ಣ ಹಚ್ಚಿ ಹಳತಾಗಿಸುವುದರಲ್ಲೇ ಹೆಚ್ಚು ಆಸೆಯಿರುವವರಿಗೆ ಕಿಟ್ ಈಗಲೂ ಒಳ್ಳೆಯ ಆಯ್ಕೆ. ಪುಡಿಬಣ್ಣದ ಸೆಟ್ಟುಗಳು ಒಣನೆಲದ ಧೂಳಿಗೆ, ರಣರಂಗದ ಕೆಸರಿಗೆ ಹೇಳಿ ಮಾಡಿಸಿದವು. ಉಪ್ಪುಗಾಳಿ ಮತ್ತು ಮಳೆ ಸೇರಿಕೊಂಡು ನಮ್ಮ ಕರಾವಳಿಯಲ್ಲಿ ಕಬ್ಬಿಣಕ್ಕೆ ತರುವ ಗತಿಯನ್ನು ತೋರಿಸಲು ಹೊರಟರೆ ಅವು ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತವೆ.

ಕಿಟ್ಟಿನಿಂದ ನಾನು ಮಾಡಹೊರಟದ್ದು ಯುದ್ಧದ ದೃಶ್ಯವಲ್ಲ. ಸೇನೆಯ ಸೇವೆ ಮುಗಿಸಿದ ಟಿ-55 ಟ್ಯಾಂಕುಗಳನ್ನು ದೇಶದ ಅನೇಕ ಊರುಗಳಲ್ಲಿ ಸ್ಮಾರಕವಾಗಿ ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ಅಂಥದ್ದೊಂದು ಟ್ಯಾಂಕು ಕರಾವಳಿಯ ಯಾವುದೋ ಊರಿನ ಚಿರೆಕಲ್ಲಿನ ಕಟ್ಟೆಯ ಮೇಲೆ ಹಲವು ಮಳೆಗಾಲ ಕಳೆದು ನಿಂತಿದ್ದರೆ ಹೇಗೆ ಕಂಡೀತು ಎಂಬುದೇ ಡಯೊರಾಮಾದ, ಅಂದರೆ ಮಾದರಿಯನ್ನು ಸುತ್ತಲಿನ ನೆಲದೊಂದಿಗೆ ತೋರಿಸುವ ಪುಟ್ಟ ದೃಶ್ಯದ, ವಿಷಯ. ಸ್ಮಾರಕದ ಟ್ಯಾಂಕಿನ ಲಕ್ಷಣವೇ ಬೇರೆ. ಒಳಗೆ ಇಳಿಯುವ ಬಾಗಿಲುಗಳಾದ ಹ್ಯಾಚುಗಳು ಶಾಶ್ವತವಾಗಿ ಮುಚ್ಚಿರುತ್ತವೆ, ಹೊರಗಿನ ಸಾಮಾನು ಸರಂಜಾಮುಗಳು ಒಂದೂ ಉಳಿದಿರುವುದಿಲ್ಲ, ಹಳೆಯ ತುಕ್ಕನ್ನು ಪೂರ್ತಿ ಕೆರೆಯದೆ ಅದರ ಮೇಲೆಯೇ ಹೊಳಪಿನ ಹಸಿರು ಎನಾಮೆಲ್ಲನ್ನು ಬ್ರಷ್ಷಿನಿಂದ ಬಳಿದಿರುತ್ತಾರೆ, ಅಂದಕ್ಕೆಂದು ಚಕ್ರಗಳ ಅಂಚಿಗೆ ಬಿಳಿ ಬಣ್ಣವನ್ನೂ ಕೊಟ್ಟಿರುತ್ತಾರೆ. ಇಂಥ ಟ್ಯಾಂಕಿಗೆ ಕೆಸರಿಲ್ಲ, ಮಸಿಯಿಲ್ಲ, ಗುಂಡಿನ ಗುರುತಿಲ್ಲ. ವೆದರಿಂಗ್ ಸಾಮಗ್ರಿಯನ್ನು ಪರೀಕ್ಷಿಸಲು ಇದಕ್ಕಿಂತ ಕಠಿಣವಾದ ವಿಷಯ ಸಿಗಲಿಕ್ಕಿಲ್ಲ.

ಮೊದಲು ಕಿಟ್. ನಿಜವಾದ ಟಿ-55ರ ಒಡಲು ಸುಮಾರು 6.45 ಮೀಟರ್ ಉದ್ದ, ಮುಂದೆ ಚಾಚಿದ ತೋಪಿನ ನಳಿಗೆಯನ್ನೂ ಸೇರಿಸಿದರೆ 9 ಮೀಟರ್. ಮಾದರಿಯಲ್ಲಿ ಇವು ಕ್ರಮವಾಗಿ 18.4 ಮತ್ತು 25.7 ಸೆಂಟಿಮೀಟರ್ ಆಗುತ್ತವೆ. 1/35 ಎಂಬ ಈ ವಿಚಿತ್ರ ಪ್ರಮಾಣ ಯಾವ ಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. 1960ರ ದಶಕದ ಆರಂಭದಲ್ಲಿ ತಮಿಯಾ ತನ್ನ ಮೋಟಾರು ಚಾಲಿತ ಪ್ಯಾಂಥರ್ ಟ್ಯಾಂಕನ್ನು ತಯಾರಿಸುವಾಗ ಒಳಗೆ ಎರಡು ಬ್ಯಾಟರಿಗಳು ಹಿಡಿಯುವಷ್ಟು ಜಾಗವಿರಬೇಕೆಂದು ಗಾತ್ರವನ್ನು ನಿಗದಿ ಮಾಡಿತು; ಆಮೇಲೆ ಅಳೆದಾಗ ಅದು ಸರಿಸುಮಾರು 1/35 ಎಂದು ಬಂತು, ಉಳಿದ ಕಂಪನಿಗಳೂ ಅದನ್ನೇ ಹಿಡಿದವು. ಟಿ-55ಎ ಕಿಟ್ಟಿನಲ್ಲಿ ಮೋಟಾರಿನ ಗೊಡವೆಯಿಲ್ಲ. ಭಾಗಗಳು ಒಂದಕ್ಕೊಂದು ಸಲೀಸಾಗಿ ಕೂಡಿಕೊಳ್ಳುತ್ತವೆ, ತೆಳು ಸಿಮೆಂಟನ್ನು (ಪ್ಲಾಸ್ಟಿಕ್ ಅಂಟು) ಸಂದಿಗೆ ಮುಟ್ಟಿಸಿದರೆ ಅದು ತಾನೇ ಒಳಗೆ ಹರಿದು ಬೆಸೆಯುತ್ತದೆ, ಸಂದಿ ತುಂಬುವ ಪುಟ್ಟಿಯ ಅಗತ್ಯ ಬಹಳ ಕಡಿಮೆ. ಮಿನಿಆರ್ಟಿನ ಕಿಟ್ಟುಗಳಲ್ಲಿ ನೂರಾರು ಚಿಕ್ಕ ಭಾಗಗಳನ್ನು ಸ್ಪ್ರೂನಿಂದ (ಭಾಗಗಳು ಅಂಟಿಕೊಂಡಿರುವ ಚೌಕಟ್ಟು) ಕತ್ತರಿಸಿ, ಅರದಿಂದ ಉಜ್ಜಿ, ಚಿಮಟದಲ್ಲಿ ಹಿಡಿದು ಅಂಟಿಸುವುದರಲ್ಲೇ ಉತ್ಸಾಹವೆಲ್ಲ ಬಸಿದುಹೋಗುವ ಭಯವಿದೆ. ಇಲ್ಲಿ ಕಟ್ಟುವ ಕೆಲಸ ಬೇಗ ಮುಗಿದು ಬಣ್ಣದ ಕೆಲಸಕ್ಕೆ ಮನಸ್ಸು ಉಳಿದಿರುತ್ತದೆ. ತೋಪನ್ನು ಹೊತ್ತು ತಿರುಗುವ ಎರಕದ ಟರೆಟ್ಟಿನ ಒರಟು ಮೈಯನ್ನು ಅಚ್ಚಿನಲ್ಲಿಯೇ ಚೆನ್ನಾಗಿ ತಂದಿದ್ದಾರೆ. ಅದು ಮುಂದೆ ತುಕ್ಕು ಹಚ್ಚುವಾಗ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಎರಕದ ಉಕ್ಕು ಮತ್ತು ಚಕ್ರಗಳ ಮೇಲಿನ ತಗಡಿನ ಫೆಂಡರ್ ಒಂದೇ ರೀತಿಯಲ್ಲಿ ತುಕ್ಕು ಹಿಡಿಯುವುದಿಲ್ಲ.

ಕಿಟ್ಟಿನ ದುರ್ಬಲ ಜಾಗವೆಂದರೆ ಟ್ರ್ಯಾಕು, ಅಂದರೆ ಚಕ್ರಗಳನ್ನು ಸುತ್ತುವ ಪಟ್ಟಿ. ಟಿ-55ರಲ್ಲಿ ಟ್ರ್ಯಾಕನ್ನು ಮೇಲ್ಗಡೆ ಎತ್ತಿಹಿಡಿಯುವ ಸಣ್ಣ ರೋಲರುಗಳಿಲ್ಲ. ಹಾಗಾಗಿ ಅದು ತನ್ನ ಭಾರಕ್ಕೆ ತಾನೇ ಬಾಗಿ ಐದು ಚಕ್ರಗಳ ನೆತ್ತಿಯ ಮೇಲೆ ಒರಗುತ್ತದೆ; ಮೊದಲನೆಯ ಮತ್ತು ಎರಡನೆಯ ಚಕ್ರಗಳ ನಡುವಿನ ಅಂತರ ಹೆಚ್ಚಾದ್ದರಿಂದ ಅಲ್ಲಿನ ಜೋಲು ಇನ್ನೂ ಎದ್ದು ಕಾಣುತ್ತದೆ. ಈ ಟ್ಯಾಂಕಿನ ಗುರುತು ಹಿಡಿಯುವುದೇ ಆ ಜೋಲಿನಿಂದ. ಕಿಟ್ಟಿನಲ್ಲಿರುವುದು ಮೆದುವಾದ ವಿನೈಲ್ ಪಟ್ಟಿ. ಅದನ್ನು ಹಾಗೆಯೇ ತೊಡಿಸಿದರೆ ಬಿಗಿದು ನಿಲ್ಲುತ್ತದೆಯೇ ಹೊರತು ಜೋಲುವುದಿಲ್ಲ. ಚಕ್ರಗಳ ನೆತ್ತಿಗೆ ಸೂಪರ್ ಗ್ಲೂ ಹಾಕಿ, ಅದು ಹಿಡಿಯುವವರೆಗೆ ಪಟ್ಟಿಯನ್ನು ಕೆಳಕ್ಕೆ ಒತ್ತಿ ದಾರದಿಂದ ಕಟ್ಟಿಡಬೇಕು. ಕೊಂಚ ಹೆಚ್ಚು ಹಣ ಕೊಟ್ಟು, ಕೊಂಡಿ ಕೊಂಡಿಯಾಗಿ ಜೋಡಿಸುವ ಬೇರೆ ಕಂಪನಿಯ ಟ್ರ್ಯಾಕನ್ನು ತರಿಸುವವರೂ ಇದ್ದಾರೆ. ಸ್ಮಾರಕದ ಟ್ಯಾಂಕಿನಲ್ಲಿ ಟ್ರ್ಯಾಕು ಪೂರ್ತಿ ತುಕ್ಕಿನಲ್ಲಿ ಮುಳುಗಿರುವುದರಿಂದ ನನಗೆ ಆ ಖರ್ಚು ಅಗತ್ಯವೆನಿಸಲಿಲ್ಲ.

ಭಾರತೀಯ ಸೇನೆಯ 1971ರ ಯುದ್ಧದ ಟ್ಯಾಂಕನ್ನು ಮಾಡಬೇಕೆನ್ನುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಕಿಟ್ಟಿನಲ್ಲಿರುವುದು 1963ರಿಂದ ತಯಾರಾದ ಎ ಮಾದರಿ. ಅದರ ಹ್ಯಾಚುಗಳ ಸುತ್ತಲಿನ ದಪ್ಪ ಕೊರಳು ವಿಕಿರಣವನ್ನು ತಡೆಯಲು ಹಾಕಿದ ಪದರದ್ದು. ತಾವು ಮಾಡಹೊರಟ ಟ್ಯಾಂಕಿಗೆ ಅದು ಇತ್ತೋ ಇಲ್ಲವೋ ಎಂದು ಫೋಟೊ ನೋಡಿಯೇ ತೀರ್ಮಾನಿಸಬೇಕು. ಎರಡನೆಯದು, ಪಾಕಿಸ್ತಾನದ ಬಳಿ ಇದ್ದ ಚೀನೀ ಟೈಪ್ 59 ನೋಡಲು ಟಿ-55ರ ಹಿಂದಿನ ಮಾದರಿಯಾದ ಟಿ-54ರ ಪಡಿಯಚ್ಚು. ಶತ್ರು ಯಾರು, ಮಿತ್ರ ಯಾರು ಎಂದು ದೂರದಿಂದ ತಿಳಿಯಲೆಂದು ನಮ್ಮ ಟ್ಯಾಂಕುಗಳ ನಳಿಗೆಯ ನಡುಭಾಗಕ್ಕೆ ಒಂದು ಹುಸಿ ಉಬ್ಬನ್ನು ತೊಡಿಸಿದ್ದರು. ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಅದನ್ನು ಮಾಡಿಕೊಳ್ಳಬಹುದು.

ಇನ್ನು ಬಣ್ಣ. ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿಯುವವನಿಗೆ ಕಿಟ್ಟಿನ ಗುಣದೋಷಗಳಿಗಿಂತ ಗಾಳಿಯ ತೇವವೇ ದೊಡ್ಡ ವಿಷಯ. ಲ್ಯಾಕರ್ ಬಣ್ಣವನ್ನು ಸಿಂಪಡಿಸಿದಾಗ ಅದರಲ್ಲಿನ ಥಿನ್ನರ್ ಕ್ಷಣದಲ್ಲಿ ಆವಿಯಾಗಿ ಮೇಲ್ಮೈಯನ್ನು ತಂಪಾಗಿಸುತ್ತದೆ. ಆ ತಂಪಿಗೆ ಗಾಳಿಯಲ್ಲಿನ ತೇವ ಸಣ್ಣ ಹನಿಗಳಾಗಿ ಕೂತು, ಒಣಗಿದ ಮೇಲೆ ಬಣ್ಣ ಬೆಳ್ಳಗೆ ಮಂಕಾಗಿ ಕಾಣುತ್ತದೆ. ಆವಿಯಾಗುವುದನ್ನು ನಿಧಾನಿಸುವ ರಿಟಾರ್ಡರನ್ನು ಥಿನ್ನರಿಗೆ ಸ್ವಲ್ಪ ಸೇರಿಸಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ತಮಿಯಾದ ಎಕ್ಸ್‌ಎಫ್ ಸರಣಿಯ ಅಕ್ರಿಲಿಕ್ ಬಣ್ಣಗಳು ಈ ವಿಷಯದಲ್ಲಿ ಅಷ್ಟು ಹಟಮಾರಿಗಳಲ್ಲ. ಎಕ್ಸ್‌ಎಫ್-58 ಆಲಿವ್ ಗ್ರೀನಿಗೆ ಎಕ್ಸ್‌ಎಫ್-60 ಡಾರ್ಕ್ ಯೆಲ್ಲೋವನ್ನು ಕೊಂಚ ಬೆರೆಸಿ, ಕಂಪನಿಯದೇ ಎಕ್ಸ್-20ಎ ಥಿನ್ನರಿನಲ್ಲಿ ತೆಳು ಮಾಡಿ ಹೊಡೆದಾಗ ಮಳೆಯ ದಿನವೂ ಬಣ್ಣ ಸಮನಾಗಿ ಕೂತಿತು. ಆದರೆ ಗಟ್ಟಿಯಾಗಲು ಬೇಸಿಗೆಗಿಂತ ಬಹಳ ಹೆಚ್ಚು ಸಮಯ ಹಿಡಿಯಿತು. ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಫಿಲಮೆಂಟ್ ಬಲ್ಬೊಂದನ್ನು ಉರಿಸಿ, ಪ್ಲಾಸ್ಟಿಕ್ಕಿಗೆ ಬಿಸಿ ತಾಗದಷ್ಟು ದೂರದಲ್ಲಿ ಮಾದರಿಯನ್ನು ಇಟ್ಟರೆ ಕೆಲಸ ಬೇಗ ಆಗುತ್ತದೆ. ಕಂಪ್ರೆಸರಿನ ನಳಿಕೆಗೆ ನೀರು ಹಿಡಿಯುವ ಬಟ್ಟಲನ್ನು ಜೋಡಿಸದೆ ನಮ್ಮ ಕಡೆ ಮಳೆಗಾಲದಲ್ಲಿ ಏರ್‌ಬ್ರಷ್ ಮುಟ್ಟಲೇಬಾರದು. ನಳಿಕೆಯಲ್ಲಿ ಸೇರಿದ ನೀರು ಬಣ್ಣದೊಂದಿಗೆ ಹೊರಬಂದು ಟರೆಟ್ಟಿನ ಮೇಲೆ ಸಿಡಿದರೆ ಮಾಡಿದ್ದೆಲ್ಲ ಹಾಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಲ್ಯಾಕರ್ ಹೊಡೆಯುವವರಿಗೆ ರಾಸಾಯನಿಕ ಆವಿಯನ್ನು ತಡೆಯುವ ಮಾಸ್ಕ್ ಬೇಕೇ ಬೇಕು, ಬಟ್ಟೆಯ ಮಾಸ್ಕ್ ಸಾಲದು.

ಬಣ್ಣ ಎದ್ದುಹೋಗಿ ಕೆಳಗಿನ ತುಕ್ಕು ಇಣುಕುವುದನ್ನು ತೋರಿಸಲು ಹೇರ್‌ಸ್ಪ್ರೇ ವಿಧಾನವನ್ನು ಬಳಸಿದೆ. ಮೊದಲು ಕಡುಕಂದು ತುಕ್ಕಿನ ಬಣ್ಣ, ಅದರ ರಕ್ಷಣೆಗೆ ವಾರ್ನಿಷ್, ಮೇಲೆ ಮಾಮೂಲಿ ಹೇರ್‌ಸ್ಪ್ರೇ, ಅದರ ಮೇಲೆ ಹಸಿರು ಅಕ್ರಿಲಿಕ್. ಆಮೇಲೆ ನೀರಿನಲ್ಲಿ ಅದ್ದಿದ ಗಿಡ್ಡ ಬ್ರಷ್ಷಿನಿಂದ ಬೇಕಾದಲ್ಲಿ ಉಜ್ಜಿದರೆ ಒಳಗಿನ ಹೇರ್‌ಸ್ಪ್ರೇ ಕರಗಿ ಹಸಿರು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬೇಸಿಗೆಯಲ್ಲಿ ಹಸಿರು ಬಣ್ಣ ಬೇಗ ಗಟ್ಟಿಯಾಗಿ ಉಜ್ಜುವ ಅವಕಾಶ ತಪ್ಪಿಹೋಗುತ್ತದೆ. ಮಳೆಗಾಲದ ತೇವಕ್ಕೆ ಪದರ ಮೆದುವಾಗಿಯೇ ಇದ್ದು ನಿಧಾನವಾಗಿ ಕೆಲಸ ಮಾಡಲು ಬಿಡುತ್ತದೆ. ಆಷಾಢದ ಹವೆಯಿಂದ ಈ ಹವ್ಯಾಸಕ್ಕೆ ಆಗುವ ಉಪಕಾರ ಇದೊಂದೇ ಇರಬೇಕು.

ಈಗ ವೆದರಿಂಗ್ ಮಾಸ್ಟರ್. ಮುಖಕ್ಕೆ ಹಚ್ಚುವ ಕಾಂಪ್ಯಾಕ್ಟ್ ಪೌಡರಿನ ಹಾಗೆ ಚಿಕ್ಕ ಡಬ್ಬಿಯಲ್ಲಿ ಮೂರು ಬಿಲ್ಲೆಗಳು, ಒಂದು ತುದಿಯಲ್ಲಿ ಸ್ಪಂಜು, ಇನ್ನೊಂದು ತುದಿಯಲ್ಲಿ ಬ್ರಷ್ ಇರುವ ಕಡ್ಡಿ. ಬಿಡಿ ಪಿಗ್ಮೆಂಟುಗಳಂತೆ ಇದು ಮೇಜಿನ ತುಂಬ ಹಾರುವುದಿಲ್ಲ. ಕೊಂಚ ಜಿಡ್ಡಿನ ಅಂಶವಿರುವುದರಿಂದ ಬಣ್ಣದ ಮೈಗೆ ತಾನೇ ಹಿಡಿದುಕೊಳ್ಳುತ್ತದೆ, ಥಿನ್ನರ್ ಬೇಡ, ಒಣಗಲು ಕಾಯಬೇಕಿಲ್ಲ. ಫ್ಯಾನ್ ಹಾಕಿಕೊಂಡು ಕೂರಲೇಬೇಕಾದ ಮನೆಗಳಲ್ಲಿ ಇದು ಸಣ್ಣ ಸೌಕರ್ಯವಲ್ಲ. ಕಲಿಯುವವರಿಗೆ ನಾನು ಮೊದಲು ಕೊಡುವ ಸಲಹೆ ಇದೇ ಆಗಿರುತ್ತದೆ. ಆದರೆ ಇದರ ಮಿತಿಗಳನ್ನು ಅರಿತು ಖರೀದಿಸುವುದು ಒಳ್ಳೆಯದು.

ಎ ಸೆಟ್ಟಿನಲ್ಲಿರುವುದು ಮರಳು, ತಿಳಿ ಮರಳು ಮತ್ತು ಕೆಸರು. ಮೂರೂ ಚೆಂದದ ಬಣ್ಣಗಳೇ, ಆದರೆ ಯಾವುದೂ ನಮ್ಮ ಮಣ್ಣಿನದಲ್ಲ. ಕೆಸರೆಂದು ಕೊಟ್ಟಿರುವ ಬಣ್ಣ ಬೂದು ಮಿಶ್ರಿತ ಕಂದು. ಕಾರವಾರದಿಂದ ಅಂಕೋಲೆ, ಕುಮಟೆಯವರೆಗೆ ಚಿರೆಕಲ್ಲಿನ ಕೆಂಧೂಳು ನೋಡಿ ಬೆಳೆದ ಕಣ್ಣಿಗೆ ಅದು ಪರದೇಶದ ಕೆಸರೆಂದು ತಕ್ಷಣ ತಿಳಿಯುತ್ತದೆ. ರಾಜಸ್ಥಾನದ ಮರಳುಗಾಡಿನ ದೃಶ್ಯ ಮಾಡುವವರಿಗೆ ಇದೇ ಸೆಟ್ ಬಹಳ ಹೊಂದುತ್ತದೆ. ಬಿ ಸೆಟ್ಟಿನಲ್ಲಿ ಹಿಮ, ಮಸಿ ಮತ್ತು ತುಕ್ಕು. ಹಿಮದ ಬಿಳಿಯನ್ನು ಕರಾವಳಿಯಲ್ಲಿ ಯಾರು ಕೇಳುತ್ತಾರೆ ಎನ್ನಬೇಡಿ. ಸ್ಮಾರಕದ ಟ್ಯಾಂಕಿನ ನಳಿಗೆಯ ಮೇಲೂ ಟರೆಟ್ಟಿನ ನೆತ್ತಿಯಲ್ಲೂ ಕಾಗೆ, ಗಿಡುಗಗಳ ಹಿಕ್ಕೆಯ ಗುರುತುಗಳಿಗೆ, ಉಪ್ಪು ಕೂತು ಬೆಳ್ಳಗಾದ ಅಂಚುಗಳಿಗೆ ಅದೇ ಬೇಕಾಯಿತು. ತುಕ್ಕಿನ ಬಿಲ್ಲೆ ಹಳೆಯ ತುಕ್ಕಿನ ಗಾಢ ಬಣ್ಣದ್ದು. ಸಿ ಸೆಟ್ಟಿನ ಕಿತ್ತಳೆ ತುಕ್ಕು ಈ ಒಂಬತ್ತರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು, ಏಕೆಂದರೆ ಉಪ್ಪುಗಾಳಿಯ ಊರಿನಲ್ಲಿ ತುಕ್ಕು ಎಂದೂ ಪೂರ್ತಿ ಹಳತಾಗುವುದಿಲ್ಲ. ಗಾಢ ಪದರದ ಮೇಲೆ ಪ್ರತಿ ಮಳೆಗೂ ಹೊಸ ಕಿತ್ತಳೆ ಹುಟ್ಟುತ್ತಲೇ ಇರುತ್ತದೆ. ಬಿ ಸೆಟ್ಟಿನ ತುಕ್ಕನ್ನು ಮೊದಲು ಹರಡಿ, ಅದರ ನಡುವೆ ಮತ್ತು ಅಂಚುಗಳಲ್ಲಿ ಸಿ ಸೆಟ್ಟಿನ ಕಿತ್ತಳೆಯನ್ನು ಚುಕ್ಕಿ ಚುಕ್ಕಿಯಾಗಿ ಒತ್ತಿದರೆ ಈ ಎರಡು ಕಾಲದ ತುಕ್ಕು ಒಟ್ಟಿಗೆ ಕಾಣುತ್ತದೆ. ಅದೇ ಸೆಟ್ಟಿನ ಗನ್‌ಮೆಟಲ್ ಮತ್ತು ಬೆಳ್ಳಿಯನ್ನು ಓಡುವ ಟ್ಯಾಂಕಿನ ಟ್ರ್ಯಾಕುಗಳು ಉಜ್ಜಿ ಹೊಳೆಯುವುದನ್ನು ತೋರಿಸಲು ಕೊಟ್ಟಿದ್ದಾರೆ. ನಿಂತೇ ಇರುವ ಟ್ಯಾಂಕಿಗೆ ಅದು ಸಲ್ಲದು. ಆದರೆ ಮಕ್ಕಳು ಹತ್ತಿ ಇಳಿದು ನುಣುಪಾದ ಫೆಂಡರಿನ ಅಂಚಿಗೂ, ಜೋತುಬೀಳುವ ಎತ್ತರದಲ್ಲಿರುವ ನಳಿಗೆಯ ತುದಿಗೂ ಗನ್‌ಮೆಟಲ್ಲನ್ನು ಬೆರಳಿನಿಂದ ಸವರಿದಾಗ ಸ್ಮಾರಕಕ್ಕೆ ಜೀವ ಬಂತು.

ಇಲ್ಲೊಂದು ತೊಡಕಿದೆ. ಈ ಪುಡಿ ಹಿಡಿಯಬೇಕಾದರೆ ಮೇಲ್ಮೈ ಹೊಳಪಿಲ್ಲದ್ದಾಗಿರಬೇಕು. ಸ್ಮಾರಕದ ಟ್ಯಾಂಕಿನ ಎನಾಮೆಲ್ಲು ಹೊಳೆಯುತ್ತದೆ. ಹೊಳಪಿನ ವಾರ್ನಿಷ್ ಮೇಲೆ ಸ್ಪಂಜು ಜಾರುತ್ತದೆಯೇ ಹೊರತು ಪುಡಿ ನಿಲ್ಲುವುದಿಲ್ಲ. ತುಕ್ಕು ಬರಬೇಕಾದ ಜಾಗಗಳಿಗೆ ಮಾತ್ರ ಮ್ಯಾಟ್ ವಾರ್ನಿಷನ್ನು ಬ್ರಷ್ಷಿನಿಂದ ತೇಪೆ ತೇಪೆಯಾಗಿ ಹಚ್ಚಿ, ಒಣಗಿದ ಮೇಲೆ ಪುಡಿ ಒತ್ತುವುದು ಪರಿಹಾರ. ಹೀಗೆ ಮಾಡಿದಾಗ ಹೊಳೆಯುವ ಹಸಿರಿನ ನಡುವೆ ಮಂಕು ತುಕ್ಕು ಎದ್ದು ಕಂಡು, ನಿಜವಾದ ಸ್ಮಾರಕಗಳಲ್ಲಿ ಕಾಣುವ ವ್ಯತ್ಯಾಸವೇ ಬಂತು. ಎಲ್ಲವೂ ಮುಗಿದ ಮೇಲೆ ವಾರ್ನಿಷ್ ಹೊಡೆದು ಭದ್ರಪಡಿಸೋಣವೆಂದರೆ ಪುಡಿಯ ಅರ್ಧ ಸೊಬಗು ಮಾಯವಾಗುತ್ತದೆ. ಹೊಡೆಯದಿದ್ದರೆ ಬೆವರು ಕೈ ತಾಗಿದಲ್ಲೆಲ್ಲ ಅಳಿಸಿಹೋಗುತ್ತದೆ. ಮಾದರಿಯನ್ನು ಬುಡದ ಹಲಗೆಗೆ ತಿರುಪು ಹಾಕಿ ಕೂರಿಸಿ, ಆಮೇಲೆ ಹಲಗೆಯನ್ನಷ್ಟೇ ಹಿಡಿದು ಪುಡಿಯ ಕೆಲಸ ಮಾಡುವುದು ಕ್ಷೇಮ.

ಕರಾವಳಿಯ ತುಕ್ಕು ಹೇಗಿರುತ್ತದೆಂದು ತಿಳಿಯಲು ಕಾರವಾರದವರು ಪುಸ್ತಕ ತೆರೆಯಬೇಕಿಲ್ಲ. ಬೈತಖೋಲ ಬಂದರಿನ ಟ್ರಾಲರುಗಳ ಲಂಗರು, ರಾಟೆಗಳನ್ನು ನೋಡಿದರೆ ಸಾಕು. ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪೆಲ್ ಕ್ಷಿಪಣಿ ದೋಣಿಯಂತೂ ಟಿ-55ರ ಹಾಗೆಯೇ ಸೋವಿಯತ್ ವಿನ್ಯಾಸದ್ದು. ಸಮುದ್ರದ ದಂಡೆಯಲ್ಲಿ ಬಣ್ಣ ಬಳಿದ ಉಕ್ಕನ್ನು ನೋಡುವಾಗ ಗಮನಿಸಬೇಕಾದದ್ದು ಇಷ್ಟು: ತುಕ್ಕು ಬಯಲಾದ ತಗಡಿನ ನಡುವಿನಿಂದ ಹುಟ್ಟುವುದಿಲ್ಲ, ವೆಲ್ಡಿನ ಗೆರೆ, ಬೋಲ್ಟಿನ ಬುಡ, ನೀರು ನಿಲ್ಲುವ ಮೂಲೆ, ಬಣ್ಣ ತೆಳುವಾದ ಅಂಚು ಇಲ್ಲಿಂದ ಹುಟ್ಟಿ, ಬಣ್ಣವನ್ನು ಒಳಗಿನಿಂದ ಉಬ್ಬಿಸಿ, ಕೊನೆಗೆ ಒಡೆದು, ಮಳೆ ಹರಿಯುವ ದಾರಿಯಲ್ಲಿ ಕೆಳಗೆ ಗೆರೆ ಎಳೆಯುತ್ತದೆ. ಉಬ್ಬನ್ನು ತೋರಿಸಲು ಬಣ್ಣಕ್ಕೆ ಚಿಟಿಕೆ ಟಾಲ್ಕಂ ಪೌಡರ್ ಬೆರೆಸಿ ಮೊದಲೇ ಮೆತ್ತಬೇಕು. ಹರಿದ ಗೆರೆಯನ್ನು ತೋರಿಸಲು ಪುಡಿಬಣ್ಣ ಕೈಕೊಡುತ್ತದೆ. ಅದು ಒಣ ತುಕ್ಕನ್ನು ಕೊಡಬಲ್ಲದು, ಒದ್ದೆ ತುಕ್ಕನ್ನಲ್ಲ. ಇದಕ್ಕೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ತೈಲವರ್ಣದ ಚಿಕ್ಕ ಟ್ಯೂಬೇ ಸಾಕು. ಬರ್ಂಟ್ ಸಿಯೆನ್ನಾವನ್ನು ರಟ್ಟಿನ ಮೇಲೆ ಹಿಂಡಿ ಎಣ್ಣೆ ಇಳಿಯಲು ಬಿಟ್ಟು, ಬೋಲ್ಟಿನ ಕೆಳಗೆ ಸೂಜಿಮೊನೆಯಷ್ಟು ಚುಕ್ಕೆಯಿಟ್ಟು, ವೈಟ್ ಸ್ಪಿರಿಟ್ ತಾಗಿಸಿ ಒರೆಸಿದ ಬ್ರಷ್ಷಿನಿಂದ ಕೆಳಮುಖವಾಗಿ ಎಳೆಯಬೇಕು. ಗುಂಡಗಿನ ಟರೆಟ್ಟಿನ ಮೇಲೆ ಗೆರೆ ನೇರ ಬರಬಾರದು, ಇಳಿಜಾರನ್ನು ಹಿಡಿದು ಬರಬೇಕು. ಎಂಜಿನ್ನಿನ ಮೇಲ್ಭಾಗ, ಫೆಂಡರಿನ ಮೂಲೆ, ಟರೆಟ್ ಮತ್ತು ಒಡಲು ಕೂಡುವ ಸಂದಿ ಇಲ್ಲೆಲ್ಲ ಹಾವಸೆಗೆಂದು ಸ್ಯಾಪ್ ಗ್ರೀನಿಗೆ ಬರ್ಂಟ್ ಅಂಬರ್ ಬೆರೆಸಿ ಹಚ್ಚಿದೆ. ಒಂಬತ್ತು ಬಿಲ್ಲೆಗಳಲ್ಲಿ ಒಂದೂ ಹಸಿರಿನದಲ್ಲ. ಎನಾಮೆಲ್ ವಾಷ್ (ತೀರ ತೆಳು ಮಾಡಿದ ಬಣ್ಣ) ಬಳಸುವವರು ಬಣ್ಣ ಕಾಣದ ಬರಿಯ ಪ್ಲಾಸ್ಟಿಕ್ಕಿಗೆ ಅದು ಇಳಿಯದಂತೆ ನೋಡಿಕೊಳ್ಳಲಿ, ಬಿಗಿತದಲ್ಲಿರುವ ಕೂಡುಗಳು ಅದರಿಂದ ಸೀಳಿಹೋಗುತ್ತವೆ.

ಚಿರೆಕಲ್ಲಿನ ಕಟ್ಟೆಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರೆದು, ಪೂರ್ತಿ ಗಟ್ಟಿಯಾಗುವ ಮೊದಲು ಹಲ್ಲುಕಡ್ಡಿಯಿಂದ ಚುಚ್ಚಿ ತೂತುಗಳನ್ನು ಮಾಡಿದೆ. ಸುತ್ತಲಿನ ನೆಲಕ್ಕೆ ಹಿತ್ತಿಲ ಮಣ್ಣನ್ನೇ ಬಳಸಬಹುದಾದರೂ ಲೆಕ್ಕವೊಂದನ್ನು ನೆನಪಿಡಬೇಕು: ಒಂದು ಮಿಲಿಮೀಟರಿನ ಹರಳು ಈ ಪ್ರಮಾಣದಲ್ಲಿ ಮೂರೂವರೆ ಸೆಂಟಿಮೀಟರಿನ ಕಲ್ಲಾಗಿ ಕಾಣುತ್ತದೆ. ಆದ್ದರಿಂದ ತೆಳು ಬಟ್ಟೆಯಲ್ಲಿ ಜಾಲಿಸಿದ ಧೂಳು ಮಾತ್ರ, ಅದೂ ಬಾಣಲೆಯಲ್ಲಿ ಹುರಿದು ಆರಿಸಿದ ಮೇಲೆ, ನೀರು ಬೆರೆಸಿದ ಫೆವಿಕಾಲಿನೊಂದಿಗೆ. ಕಡಲತೀರದ ಮರಳನ್ನು ತೊಳೆಯದೆ ತಂದರೆ ಅದರ ಉಪ್ಪು ತೇವವನ್ನು ಎಳೆದುಕೊಂಡು ಬುಡವನ್ನು ಎಂದೂ ಒಣಗಗೊಡುವುದಿಲ್ಲ. ಎಂಡಿಎಫ್ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ. ಬಡಗಿಯ ಬಳಿ ಸಿಗುವ ಸಾಗುವಾನಿಯ ತುಂಡಿಗೆ ಆರೂ ಮುಖಗಳಿಗೆ ವಾರ್ನಿಷ್ ಕೊಟ್ಟು ಬಳಸುವುದು ಮೇಲು.

ಟ್ಯಾಂಕಿನ ಡಯೊರಾಮಾ ಎಂದರೆ ಕಾರವಾರದವರಿಗೆ ನೆನಪಾಗಬೇಕಾದ ದೃಶ್ಯ ಬೇರೆಯೇ ಇದೆ. ಚೆಂಡಿಯಾದ ರಾಮ ರಾಘೋಬ ರಾಣೆ 1948ರ ಏಪ್ರಿಲ್‌ನಲ್ಲಿ ನೌಶೇರಾ-ರಾಜೌರಿ ದಾರಿಯ ನೆಲಬಾಂಬುಗಳನ್ನು ತೆಗೆಯುವಾಗ, ಗುಂಡಿನ ಮಳೆಯ ನಡುವೆ ಮುಂದಿನ ಸ್ಟುವರ್ಟ್ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತ ಸಾಗಿದರು. ಪರಮವೀರ ಚಕ್ರವನ್ನು ಜೀವಂತವಾಗಿದ್ದು ಪಡೆದ ಮೊದಲಿಗರಲ್ಲಿ ಅವರೊಬ್ಬರು. ಅವರ ಪ್ರತಿಮೆ ಇರುವುದೂ ಚಾಪೆಲ್‌ನ ಬಳಿಯಲ್ಲೇ. ಆ ದೃಶ್ಯಕ್ಕೆ ಟಿ-55 ಸಲ್ಲುವುದಿಲ್ಲ, ಸ್ಟುವರ್ಟಿನ ಕಿಟ್ಟೇ ಬೇಕು. ಜೊತೆಗೆ ಒಡಲಿನ ಕೆಳಮೈಯ ವಿವರಗಳು ಕಾಣುವಂತೆ ಕಟ್ಟುವ ತಾಳ್ಮೆ, ತೆವಳುವ ಮನುಷ್ಯನನ್ನು ಎಪಾಕ್ಸಿ ಪುಟ್ಟಿಯಲ್ಲಿ ತಿದ್ದುವ ಕೈಚಳಕ ಬೇಕು. ಪುಡಿಬಣ್ಣದ ಎ ಸೆಟ್ ಅಲ್ಲಿ ಸಾರ್ಥಕವಾದೀತು.

ಕೊಳ್ಳುವವರಿಗೆ ಒಂದೆರಡು ಮಾತು. ನಮ್ಮಲ್ಲಿ ಇಂಥ ಸಾಮಾನನ್ನು ಬಹುಮಟ್ಟಿಗೆ ಹೊರಗಿನಿಂದ ತರಿಸಿಕೊಳ್ಳಬೇಕು. ಬಣ್ಣ ಮತ್ತು ಥಿನ್ನರ್ ಉರಿಯುವ ವಸ್ತುಗಳಾದ್ದರಿಂದ ರಸ್ತೆಯ ದಾರಿಯಲ್ಲೇ ನಿಧಾನವಾಗಿ ಬರುತ್ತವೆ, ಕಿಟ್ಟಿಗಿಂತ ಮೊದಲೇ ಅವನ್ನು ಹೇಳಿಡಬೇಕು. ಕಿಟ್ಟಿನೊಂದಿಗೆ ಒಂದೇ ಸೆಟ್ ಕೊಳ್ಳುವಷ್ಟು ಹಣವಿದ್ದರೆ ಸಿ ಸೆಟ್ ತೆಗೆದುಕೊಳ್ಳಿ, ಆಮೇಲೆ ಬಿ. ಎ ಸೆಟ್ಟಿನ ಹಣದಲ್ಲಿ ಮೂರ್ನಾಲ್ಕು ತೈಲವರ್ಣದ ಟ್ಯೂಬುಗಳು ಬರುತ್ತವೆ. ಡಬ್ಬಿಗಳನ್ನು ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು, ಸ್ಪಂಜಿನ ಕಡ್ಡಿಯನ್ನು ಒದ್ದೆಯಿರುವಾಗ ಒಳಗೆ ಸೇರಿಸಬಾರದು. ಇಲ್ಲದಿದ್ದರೆ ಶ್ರಾವಣ ಬರುವಷ್ಟರಲ್ಲಿ ಸ್ಪಂಜಿಗೆ ಬೂಷ್ಟು ಬಂದು ಬಿಲ್ಲೆಗಳಿಗೂ ಹರಡುತ್ತದೆ.